ಕೂತಿನ ಮುತ್ತಿಗೆಯಲ್ಲಿ ದಕ್ಕನಿ ಮುಸಲ್ಮಾನರು: 117ನೆಯ ಮರಾಠಾ ಪಲ್ಟನ್ನಿನ ಕಥೆ

1914ರಲ್ಲಿ ನಮ್ಮ ನಾಲ್ಕು ಊರುಗಳು ಒಂದೇ ಆಡಳಿತದ ಅಡಿಯಲ್ಲಿರಲಿಲ್ಲ. ಗದಗ-ಬೆಟಗೇರಿ ಮತ್ತು ಮುಂಡರಗಿ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದ್ದವು. ಅಂದರೆ ನೇರವಾಗಿ ಬ್ರಿಟಿಷರ ಕೈಯಲ್ಲಿದ್ದವು. ಶಿರಹಟ್ಟಿ ಸಾಂಗ್ಲಿಯ ಪಟವರ್ಧನರದು, ಲಕ್ಷ್ಮೇಶ್ವರ ಮಿರಜದ ಪಟವರ್ಧನರದು. ಒಂದು ಊರಿನಿಂದ ಮತ್ತೊಂದು ಊರಿಗೆ ಸಂತೆಗೆ ಹೋದವನು ದಾರಿಯಲ್ಲಿ ಸರಕಾರವನ್ನೇ ದಾಟಿ ಹೋಗಬೇಕಾಗಿದ್ದ ಕಾಲವದು. ಆದರೆ ಸೈನ್ಯಕ್ಕೆ ಜನರನ್ನು ಸೇರಿಸಿಕೊಳ್ಳುವ ವಿಷಯದಲ್ಲಿ ಇಂತಹ ಗಡಿಗಳೇನೂ ಇರಲಿಲ್ಲ. ಬೆಳಗಾವಿ, ಧಾರವಾಡ, ವಿಜಾಪುರಗಳನ್ನೂ ಅವುಗಳ ನಡುವೆ ಚದುರಿಹೋಗಿದ್ದ ಸಣ್ಣ ಸಂಸ್ಥಾನಗಳನ್ನೂ ಒಟ್ಟುಗೂಡಿಸಿ ಆಂಗ್ಲರು ದಕ್ಷಿಣ ಮರಾಠಾ ಸೀಮೆ ಎಂದು ಕರೆಯುತ್ತಿದ್ದರು. ಕನ್ನಡ ಮಾತನಾಡುವ ನೆಲಕ್ಕೆ ಈ ಹೆಸರು ಹೇಗೆ ಬಂದಿತೆಂಬುದು ಬೇರೆಯೇ ಕಥೆ. ಈ ಸೀಮೆಯ ಮತ್ತು ಇದರ ಮೇಲಿನ ದಕ್ಕನ್ ಪ್ರದೇಶದ ಯುವಕರಿಂದ ಮುಂಬಯಿ ಸೈನ್ಯದ ಮರಾಠಾ ಪಲ್ಟನ್ನುಗಳು ತುಂಬುತ್ತಿದ್ದವು.

ಮರಾಠಾ ಪಲ್ಟನ್ ಎಂದೊಡನೆ ಅದರಲ್ಲಿ ಮುಸಲ್ಮಾನರಿಗೆ ಏನು ಕೆಲಸ ಎಂದು ಓದುಗರು ಕೇಳಬಹುದು. ಹೆಸರು ನೋಡಿ ಮೋಸಹೋಗುವಂತಿಲ್ಲ. ಈ ಪಲ್ಟನ್ನುಗಳಲ್ಲಿ ಬಹುಪಾಲು ಕಂಪನಿಗಳು ಮರಾಠರವು. ಉಳಿದವು ದಕ್ಕನಿ ಮುಸಲ್ಮಾನರವು. ದಕ್ಕನಿ ಮುಸಲ್ಮಾನರೆಂದರೆ ಆದಿಲ್‌ಶಾಹಿ, ನಿಜಾಮ್‌ಶಾಹಿಗಳ ಕಾಲದಿಂದ ಈ ನೆಲದಲ್ಲಿ ಬೇರುಬಿಟ್ಟು, ಮನೆಯಲ್ಲಿ ದಕ್ಕನಿ ಉರ್ದುವನ್ನೂ ಅಂಗಡಿ-ಹೊಲಗಳಲ್ಲಿ ಕನ್ನಡವನ್ನೋ ಮರಾಠಿಯನ್ನೋ ಆಡಿಕೊಂಡು ಬಂದ ಜನ. ನಮ್ಮವರೇ. 1908ರಲ್ಲಿ ಮೇಜರ್ ಬೆಥಾಮ್ ಎಂಬ ಅಧಿಕಾರಿ ಸೈನ್ಯದ ಭರ್ತಿಗಾಗಿ ಒಂದು ಕೈಪಿಡಿಯನ್ನು ಸಿದ್ಧಪಡಿಸಿದನು. ಅದರ ಶೀರ್ಷಿಕೆಯಲ್ಲೇ ಮರಾಠರು ಮತ್ತು ದಕ್ಕನಿ ಮುಸಲ್ಮಾನರು ಎಂಬ ಎರಡು ಹೆಸರುಗಳು ಜೋಡಿಯಾಗಿ ನಿಂತಿವೆ. ದನದ ಸಂತೆಯಲ್ಲಿ ತಳಿ ನೋಡಿದಂತೆ ಯಾವ ಜಾತಿಯವನು ಸಿಪಾಯಿಯಾಗಲು ಯೋಗ್ಯ, ಯಾವನು ಅಲ್ಲ ಎಂದು ಬರೆದಿಡುವ ಪದ್ಧತಿ ಅಂದಿನ ಸರಕಾರಕ್ಕಿತ್ತು. ಆ ಬರವಣಿಗೆಯ ಧಾಟಿ ನಮಗೆ ಹಿಡಿಸುವುದಿಲ್ಲ. ಆದರೂ ನಮ್ಮ ಹಿರಿಯರು ಆ ಪಲ್ಟನ್ನುಗಳಲ್ಲಿ ಇದ್ದರೆಂಬುದಕ್ಕೆ ಅಂತಹ ಕೈಪಿಡಿಗಳೇ ಸಾಕ್ಷಿ.

ಅವರು ಯಾಕೆ ಹೋದರು? ತಿಂಗಳಿಗೆ ಹನ್ನೊಂದು ರೂಪಾಯಿ ಸಂಬಳ. 1876-78ರ ಮಹಾಕ್ಷಾಮ ಧಾರವಾಡ ಜಿಲ್ಲೆಯನ್ನು ಹುರಿದುಹಾಕಿತ್ತು. ಶತಮಾನದ ಕೊನೆಯಲ್ಲಿ ಪ್ಲೇಗು ಬಂದಿತು, ಅದರ ಹಿಂದೆಯೇ ಮತ್ತೊಂದು ಬರ. ಮಳೆ ನಂಬಿದ ಎರೆಭೂಮಿಯಲ್ಲಿ ಎರಡನೆಯ, ಮೂರನೆಯ ಮಗನಿಗೆ ಉಳಿಯುತ್ತಿದ್ದುದು ಕೂಲಿ, ಕೈಮಗ್ಗ ಅಥವಾ ಪಲ್ಟನ್. ತಂದೆಯೋ ಚಿಕ್ಕಪ್ಪನೋ ಮೊದಲೇ ಸಿಪಾಯಿಯಾಗಿದ್ದರೆ ದಾರಿ ಇನ್ನೂ ಸುಲಭ. ಇದರಲ್ಲಿ ರಾಜಭಕ್ತಿಯನ್ನು ಹುಡುಕುವುದೂ ರಾಜದ್ರೋಹವನ್ನು ಹುಡುಕುವುದೂ ವ್ಯರ್ಥವೆಂಬುದು ನಮ್ಮ ಅಭಿಪ್ರಾಯ. ಹೊಟ್ಟೆಗಾಗಿ ಹೋದರು. ಹೋಗುವಾಗ ಯಾರ ವಿರುದ್ಧ ಕೋವಿ ಎತ್ತಬೇಕಾದೀತೆಂದು ಅವರಿಗೆ ಯಾರೂ ಹೇಳಿರಲಿಲ್ಲ.

ಮುಂಬಯಿ ಸೈನ್ಯದ ಅಂತಹ ಪಲ್ಟನ್ನುಗಳಲ್ಲಿ ಒಂದು 117ನೆಯ ಮರಾಠಾ. ಅದರ ಹೆಸರು ಇಂದು ಸೈನ್ಯದ ಇತಿಹಾಸ ಓದುವವರಿಗೆ ಮಾತ್ರ ಗೊತ್ತು. 1914ರ ಶರತ್ಕಾಲದಲ್ಲಿ ಯೂರೋಪಿನ ಯುದ್ಧ ಹಬ್ಬುತ್ತಿದ್ದಾಗ ಈ ಪಲ್ಟನ್ 6ನೆಯ ಪುಣೆ ಡಿವಿಜನ್ನಿನ 16ನೆಯ ಬ್ರಿಗೇಡಿನಲ್ಲಿತ್ತು. ಅದೇ ಡಿವಿಜನ್ನಿನಲ್ಲಿ 103 ಮತ್ತು 110ನೆಯ ಮರಾಠಾ ಪಲ್ಟನ್ನುಗಳೂ ಇದ್ದವು. ಗದಗ ಜಂಕ್ಷನ್ನಿನಿಂದ ಮೀಟರ್ ಗೇಜ್ ರೈಲು ಹುಬ್ಬಳ್ಳಿ, ಲೋಂಡಾ, ಬೆಳಗಾವಿ, ಮಿರಜದ ಮೇಲೆ ಪುಣೆಗೆ ಹೋಗುತ್ತಿತ್ತು. ಅಲ್ಲಿಂದ ಮುಂಬಯಿ, ಮುಂಬಯಿಯಿಂದ ಹಡಗು. ಹಡಗು ತಲುಪಿದ್ದು ಫಾರಸಿ ಖಾರಿಯ ತುದಿಗೆ, ದಜ್ಲಾ ಮತ್ತು ಫುರಾತ್ ನದಿಗಳು ಕೂಡಿ ಸಮುದ್ರಕ್ಕೆ ಸೇರುವ ನಾಡಿಗೆ.

ದಿನಾಂಕಗಳನ್ನು ಗಮನಿಸಬೇಕು. 1914ರ ನವೆಂಬರ್ 2ರಂದು ಹಿಂದೂಸ್ಥಾನದ ಸರಕಾರ ಒಂದು ಘೋಷಣೆ ಹೊರಡಿಸಿತು: ಅರಬಸ್ತಾನದ ಪವಿತ್ರ ಕ್ಷೇತ್ರಗಳಿಗೂ ಇರಾಕಿನ ದರ್ಗಾಗಳಿಗೂ ಜಿದ್ದಾ ಬಂದರಿಗೂ ಬ್ರಿಟಿಷ್ ಸೈನ್ಯ ಕೈಹಚ್ಚುವುದಿಲ್ಲ, ಹಜ್ ಯಾತ್ರಿಕರಿಗೆ ಅಡ್ಡಿ ಬಾರದಿರುವ ತನಕ ಈ ಮಾತು ನಿಲ್ಲುತ್ತದೆ. ಈ ಘೋಷಣೆ ಯಾರ ಕಿವಿಗಾಗಿ ಎಂಬುದು ಸ್ಪಷ್ಟ. ನವೆಂಬರ್ 6ರಂದು ಪಡೆಗಳು ಫಾವ್‌ನಲ್ಲಿ ಇಳಿದವು. ನವೆಂಬರ್ 14ರಂದು ಇಸ್ತಾಂಬುಲಿನ ಫಾತಿಹ್ ಮಸೀದಿಯಲ್ಲಿ ಜಿಹಾದಿನ ಫತ್ವಾ ಓದಲಾಯಿತು. ಖಲೀಫರ ವಿರುದ್ಧ ಹೋರಾಡುವವರ ಜೊತೆ ಸೇರುವುದು ಮಹಾಪಾಪವೆಂದು ಅದರಲ್ಲಿ ಹೇಳಲಾಗಿತ್ತು. ಮೂರು ದಿನಗಳ ನಂತರ, ನವೆಂಬರ್ 17ರಂದು, ಬಸ್ರಾದ ದಾರಿಯಲ್ಲಿ ಸಾಹಿಲ್ ಎಂಬಲ್ಲಿ ಪುಣೆ ಡಿವಿಜನ್ ತುರ್ಕಿ ಸೈನ್ಯದೊಂದಿಗೆ ಕಾದಾಡಿತು. 22ರ ಹೊತ್ತಿಗೆ ಬಸ್ರಾ ಬ್ರಿಟಿಷರ ಕೈಯಲ್ಲಿತ್ತು.

ಫತ್ವಾದ ಸುದ್ದಿ ದಕ್ಕನಿ ಕಂಪನಿಗಳಿಗೆ ಯಾವಾಗ ತಲುಪಿತು, ಅದನ್ನು ಕೇಳಿ ಅವರು ಏನಂದುಕೊಂಡರು ಎಂಬುದನ್ನು ಆಂಗ್ಲ ಅಧಿಕಾರಿಗಳ ವರದಿಗಳಲ್ಲಿ ಹುಡುಕಬಾರದು. ಅಲ್ಲಿ ಸಿಪಾಯಿಯ ಮನಸ್ಸಿಗೆ ಜಾಗವಿಲ್ಲ. ಆದರೆ ಬೇರೆಡೆ ನಡೆದುದು ಗೊತ್ತಿದೆ. 1915ರ ಫೆಬ್ರವರಿಯಲ್ಲಿ ಸಿಂಗಾಪುರದಲ್ಲಿ 5ನೆಯ ಲೈಟ್ ಇನ್‌ಫ್ಯಾಂಟ್ರಿಯ ಮುಸ್ಲಿಂ ಸಿಪಾಯಿಗಳು ದಂಗೆಯೆದ್ದರು; ಹಲವರನ್ನು ಸಾರ್ವಜನಿಕವಾಗಿ ಗುಂಡಿಕ್ಕಿ ಕೊಲ್ಲಲಾಯಿತು. 1916ರಲ್ಲಿ ಬಸ್ರಾದಲ್ಲೇ 15ನೆಯ ಲ್ಯಾನ್ಸರ್ಸ್ ಕುದುರೆಪಡೆಯವರು, ಈ ಪವಿತ್ರ ನೆಲದಲ್ಲಿ ಮುಸಲ್ಮಾನರ ಮೇಲೆ ಹೋರಾಡಲಾರೆವೆಂದು ಮುಂದೆ ನಡೆಯಲು ನಿರಾಕರಿಸಿದರು. ಅವರನ್ನು ಅಂಡಮಾನಿಗೆ ಸಾಗಿಸಿದರು. ಒಬ್ಬ ಸಿಪಾಯಿಯ ಎದುರಿಗಿದ್ದ ಆಯ್ಕೆಗಳು ಇಷ್ಟೇ: ನಡೆಯುವುದು, ಗುಂಡಿಗೆ ಎದೆಯೊಡ್ಡುವುದು, ಕಾಲಾಪಾನಿ. ಇಂದು ಮನೆಯಲ್ಲಿ ಕುಳಿತು ತೀರ್ಪು ಕೊಡುವುದು ನಮಗೆ ಸುಲಭ.

1915ರ ಏಪ್ರಿಲ್ ತಿಂಗಳಲ್ಲಿ ಬಸ್ರಾದ ಪಶ್ಚಿಮಕ್ಕೆ ಶುಐಬಾದಲ್ಲಿ ಮೂರು ದಿನ ಘೋರ ಯುದ್ಧವಾಯಿತು. 117ನೆಯ ಪಲ್ಟನ್ ಅದರಲ್ಲಿತ್ತು. ಸೋತ ತುರ್ಕಿ ಸೇನಾಪತಿ ಸುಲೈಮಾನ್ ಅಸ್ಕರಿ ತನ್ನನ್ನು ತಾನೇ ಕೊಂದುಕೊಂಡನು. ಆ ಬೇಸಗೆಯಲ್ಲಿ ಜನರಲ್ ಟೌನ್ಸೆಂಡ್ ಎಂಬವನು ಡಿವಿಜನ್ನಿನ ಮುಖ್ಯಸ್ಥನಾಗಿ ಬಂದನು. ಮಹತ್ವಾಕಾಂಕ್ಷಿ, ಜಾಣ, ತನ್ನ ಹೆಸರಿನ ಮೇಲೆ ಬಹಳ ಪ್ರೀತಿಯುಳ್ಳವನು. ಜೂನ್‌ನಲ್ಲಿ ಅಮಾರಾ, ಸೆಪ್ಟೆಂಬರ್ 28ರಂದು ಕೂತುಲ್ ಅಮಾರಾ. ಕೂತಿನ ಯುದ್ಧದಲ್ಲಿ ತುರ್ಕಿ ಸೈನ್ಯದ ಎಡ ಪಾರ್ಶ್ವವನ್ನು ಸುತ್ತುವರಿದು ಹೋದ ಬ್ರಿಗೇಡಿನಲ್ಲಿ ಇಂಗ್ಲೆಂಡಿನ ಡಾರ್ಸೆಟ್ ಪಲ್ಟನ್ ಹಾಗೂ 117ನೆಯ ಮರಾಠಾ ಪಲ್ಟನ್ ಹೆಗಲಿಗೆ ಹೆಗಲು ಕೊಟ್ಟು ನಡೆದವು. ನೀರಿಲ್ಲದೆ, ಉಪ್ಪುಮಣ್ಣಿನ ಬಯಲಿನಲ್ಲಿ, ದಿನವಿಡೀ. ಗೆದ್ದರು. ಗೆದ್ದುದೇ ಕೇಡಾಯಿತು, ಇನ್ನು ಬಗ್ದಾದಿಗೆ ನಡೆಯಿರಿ ಎಂಬ ಆಜ್ಞೆ ಬಂದಿತು.

ಬಗ್ದಾದ್! ನಮ್ಮ ಊರುಗಳಲ್ಲಿ ಗ್ಯಾರವೀ ಆಚರಿಸುವ ಮನೆಗಳಿಗೆ ಆ ಹೆಸರಿನ ಅರ್ಥ ಬೇರೆ. ಅದು ಗೌಸೆ ಆಝಮ್ ಶೇಖ್ ಅಬ್ದುಲ್ ಖಾದಿರ್ ಜೀಲಾನಿಯವರು (ರಹ್ಮತುಲ್ಲಾಹಿ ಅಲೈಹಿ) ಮಲಗಿರುವ ಊರು. ಅದರ ನೈಋತ್ಯಕ್ಕೆ ಕರ್ಬಲಾ. ಅದರ ಆಗ್ನೇಯಕ್ಕೆ ಸುಮಾರು ಮೂವತ್ತು ಕಿಲೋಮೀಟರ್ ದೂರದಲ್ಲಿ, ದಜ್ಲಾದ ದಂಡೆಯಲ್ಲಿ, ಹಳೆಯ ಮದಾಇನ್ ಪಟ್ಟಣದ ಅವಶೇಷಗಳು. ಅವುಗಳ ಮಗ್ಗುಲಲ್ಲೇ ಸಲ್ಮಾನ್ ಪಾಕ್, ಅಂದರೆ ಪ್ರವಾದಿವರ್ಯರ (ಸ) ಸಹಾಬಿ ಹಝ್ರತ್ ಸಲ್ಮಾನ್ ಫಾರಸಿಯವರ (ರ) ಸಮಾಧಿ. ತುರ್ಕಿ ಸೈನ್ಯ ಬಗ್ದಾದಿನ ರಕ್ಷಣೆಗೆ ಆರಿಸಿಕೊಂಡ ನೆಲ ಇದೇ. 1915ರ ನವೆಂಬರ್ 22ರಂದು ಅಲ್ಲಿ ಯುದ್ಧ ಆರಂಭವಾಯಿತು. ಹಿಜರಿ ಲೆಕ್ಕದಲ್ಲಿ ಅದು 1334ರ ಮುಹರ್ರಮ್ ತಿಂಗಳು. ಆಶೂರಾ ಕಳೆದು ನಾಲ್ಕೈದು ದಿನಗಳಾಗಿದ್ದವು. ಮುಂಡರಗಿ, ಲಕ್ಷ್ಮೇಶ್ವರದ ಕಡೆ ಹಿಂದೂ-ಮುಸಲ್ಮಾನರು ಕೂಡಿ ಅಲಾಯಿ ಹಬ್ಬ ಮುಗಿಸಿ, ಕುಣಿ ಮುಚ್ಚಿ, ಪಂಜಾಗಳನ್ನು ಎತ್ತಿಟ್ಟ ದಿನಗಳಲ್ಲಿ, ದಕ್ಕನಿನ ಸಿಪಾಯಿಗಳು ಕರ್ಬಲಾದಿಂದ ನೂರು ಕಿಲೋಮೀಟರಿಗೂ ಕಡಿಮೆ ದೂರದಲ್ಲಿ ಕೋವಿ ಹಿಡಿದು ಮಲಗಿದ್ದರು.

ಸಲ್ಮಾನ್ ಫಾರಸಿಯವರ (ರ) ಜೀವನವನ್ನು ಬಲ್ಲವರಿಗೆ ಇಲ್ಲಿ ಒಂದು ಸಂಗತಿ ಹೊಳೆಯದೆ ಇರದು. ಅಗ್ನಿಪೂಜಕರ ಮನೆಯಲ್ಲಿ ಹುಟ್ಟಿ, ಸತ್ಯವನ್ನು ಹುಡುಕುತ್ತ ಊರೂರು ಅಲೆದು, ಗುಲಾಮನಾಗಿ ಮಾರಲ್ಪಟ್ಟು, ಮದೀನಾ ಸೇರಿದವರು ಅವರು. ಹಿಜರಿ 5ರಲ್ಲಿ ಮದೀನಾವನ್ನು ಶತ್ರುಗಳು ಮುತ್ತಿದಾಗ ಊರಿನ ಸುತ್ತ ಕಂದಕ ತೋಡುವ ಉಪಾಯ ಹೇಳಿದವರು ಅವರೇ. ಅರಬರಿಗೆ ಅದುವರೆಗೆ ಗೊತ್ತಿಲ್ಲದ ಯುದ್ಧಕಲೆ. ಮುಂದೆ ಉಮರ್ (ರ) ಅವರ ಕಾಲದಲ್ಲಿ ಮದಾಇನಿನ ಗವರ್ನರರಾಗಿ, ಚಾಪೆ ಹೆಣೆದು ಹೊಟ್ಟೆ ಹೊರೆದರೆಂದು ಚರಿತ್ರೆಕಾರರು ಬರೆಯುತ್ತಾರೆ. ಅವರ ಸಮಾಧಿಯ ಆಸುಪಾಸಿನಲ್ಲಿ ತುರ್ಕಿಯರು ಕಂದಕಗಳ ಎರಡು ಸಾಲು ತೋಡಿ ಕಾದಿದ್ದರು. ಅವುಗಳ ಮೇಲೆ ಏರಿಹೋದವರಲ್ಲಿ ಸಲಾತ್ ನಿರ್ವಹಿಸುವ ಕೈಗಳೂ ಇದ್ದವು.

ಆಂಗ್ಲ ಸೇನಾಪತಿಗಳಿಗೆ ಇದರ ತೂಕ ಗೊತ್ತಿತ್ತು. ಸಹಾಬಿಯ ಹೆಸರು ಕೇಳಿದರೆ ಮುಸ್ಲಿಂ ಸಿಪಾಯಿಗಳ ಮನಸ್ಸು ಹಿಂಜರಿದೀತೆಂದು, ಆ ಸ್ಥಳವನ್ನು ಸಲ್ಮಾನ್ ಪಾಕ್ ಎಂದು ಕರೆಯದೆ ಟೆಸಿಫೋನ್ ಎಂಬ ಹಳೆಯ ಗ್ರೀಕ್ ಹೆಸರಿನಿಂದಲೇ ಕರೆಯಬೇಕೆಂದು ಟೌನ್ಸೆಂಡ್ ನಿಶ್ಚಯಿಸಿದನು. ಸರಹದ್ದಿನ ಪಠಾಣರಿದ್ದ 20ನೆಯ ಪಂಜಾಬಿ ಪಲ್ಟನ್ನಿನ ಮೇಲೆ ನಂಬಿಕೆ ಸಾಲದೆ ಅದನ್ನು ಯುದ್ಧಕ್ಕೆ ಮೊದಲೇ ಹಿಂದಕ್ಕೆ ಕಳಿಸಲಾಯಿತು. ದಕ್ಕನಿ ಕಂಪನಿಗಳನ್ನು ಕಳಿಸಲಿಲ್ಲ. ಇಂದಿಗೂ ಇಂಗ್ಲಿಷ್ ಪುಸ್ತಕಗಳಲ್ಲಿ ಅದು ಟೆಸಿಫೋನ್ ಯುದ್ಧ. ತುರ್ಕಿಯರ ಪುಸ್ತಕಗಳಲ್ಲಿ ಸಲ್ಮಾನ್ ಪಾಕ್ ಯುದ್ಧ. ಒಂದು ಹೆಸರನ್ನು ಮರೆಮಾಚಿ ಸಾವಿರಾರು ಜನರನ್ನು ಮುನ್ನಡೆಸಬಹುದೆಂಬ ಎಣಿಕೆ ಫಲಿಸಿತು. ನೆಲದ ಹೆಸರು ಅರಬರ ಬಾಯಿಂದ ಕೇಳಿ ತಿಳಿಯದಷ್ಟು ದಡ್ಡರು ನಮ್ಮ ಸಿಪಾಯಿಗಳಾಗಿದ್ದರೆಂದು ನಾವಂತೂ ನಂಬುವುದಿಲ್ಲ.

ಆ ಯುದ್ಧದಲ್ಲಿ ಟೌನ್ಸೆಂಡನ ಕಡೆ 4,000ಕ್ಕೂ ಹೆಚ್ಚು ಜನ ಸತ್ತರು ಅಥವಾ ಗಾಯಗೊಂಡರು. ಮೊದಲ ಸಾಲಿನ ಕಂದಕಗಳು ದೊರೆತವು, ಬಗ್ದಾದ್ ದೊರೆಯಲಿಲ್ಲ. ಗಾಯಾಳುಗಳನ್ನು ಸ್ಪ್ರಿಂಗ್ ಇಲ್ಲದ ಬಂಡಿಗಳಲ್ಲಿ ಮೈಲುಗಟ್ಟಲೆ ಎಳೆದು, ದೋಣಿಗಳಲ್ಲಿ ಒಟ್ಟಿ, ನದಿಯ ಕೆಳಗೆ ಸಾಗಿಸಿದ ಬಗೆ ಮುಂದೆ ಲಂಡನ್ನಿನ ಪಾರ್ಲಿಮೆಂಟಿನಲ್ಲಿ ವಿಚಾರಣೆಗೆ ಗುರಿಯಾಗುವಷ್ಟು ಹೀನವಾಗಿತ್ತು. ಸೋತು ಹಿಮ್ಮೆಟ್ಟಿದ ಪಡೆ ಡಿಸೆಂಬರ್ 3ರಂದು ಮತ್ತೆ ಕೂತಿಗೆ ಬಂದು ಸೇರಿತು. ಮೂರು ಕಡೆ ದಜ್ಲಾ ನದಿ ಸುತ್ತಿಕೊಂಡ ಒಂದು ಚಿಕ್ಕ ಪಟ್ಟಣ. ನಾಲ್ಕನೆಯ ಕಡೆ ತುರ್ಕಿಯರು ಕಂದಕ ತೋಡಿದರು. ಡಿಸೆಂಬರ್ 7ಕ್ಕೆ ದಾರಿ ಮುಚ್ಚಿತು.

ಮುತ್ತಿಗೆ ಹೆಚ್ಚುಕಡಿಮೆ ಐದು ತಿಂಗಳು ನಡೆಯಿತು. ಆರಂಭದಲ್ಲಿ ಗುಂಡಿಗೆ ಸತ್ತರು, ನಂತರ ಹಸಿವಿಗೆ. ಬಿಡಿಸಲು ಬಂದ ಪಡೆಗಳು ಶೇಖ್ ಸಾದ್, ಹನ್ನಾ, ದುಜೈಲಾ, ಸನ್ನೈಯಾತ್ ಎಂಬಲ್ಲೆಲ್ಲ ತಲೆ ಚಚ್ಚಿಕೊಂಡು ಸುಮಾರು 23,000 ಜನರನ್ನು ಕಳೆದುಕೊಂಡವು, ಅಂದರೆ ಒಳಗೆ ಸಿಕ್ಕಿಕೊಂಡವರಿಗಿಂತ ಬಹಳ ಹೆಚ್ಚು. ಒಳಗೆ ರೊಟ್ಟಿಯ ಹಿಟ್ಟು ದಿನದಿಂದ ದಿನಕ್ಕೆ ಇಳಿಯಿತು. ಬಿಳಿಜೋಳದ ನಾಡಿನಿಂದ ಹೋದವರು ಕೊನೆಕೊನೆಗೆ ಒಂದು ಹಿಡಿ ಬಾರ್ಲಿ ಹಿಟ್ಟಿನಲ್ಲಿ ದಿನ ದೂಡಿದರು. ಕಾಯಿಪಲ್ಲೆ ಇಲ್ಲದೆ ಒಸಡು ಊದುವ ಸ್ಕರ್ವಿ ರೋಗ ಹಬ್ಬಿತು. ಏಪ್ರಿಲ್‌ನಲ್ಲಿ ವಿಮಾನಗಳಿಂದ ಹಿಟ್ಟಿನ ಮೂಟೆಗಳನ್ನು ಕೆಳಗೆ ಹಾಕಿದರು. ಮುತ್ತಿಗೆಯಲ್ಲಿದ್ದವರಿಗೆ ಆಕಾಶದಿಂದ ಅನ್ನ ಹಾಕುವ ಪ್ರಯತ್ನ ಜಗತ್ತಿನಲ್ಲಿ ಅದೇ ಮೊದಲು. ಅನೇಕ ಮೂಟೆಗಳು ನದಿಯ ಪಾಲಾದವು.

ಈ ಹಸಿವಿನ ನಡುವೆ ಎದ್ದ ಒಂದು ಪ್ರಶ್ನೆಯ ಬಳಿ ನಾವು ತುಸು ನಿಲ್ಲಬೇಕು. ಕುದುರೆಗಳನ್ನು ಕೊಯ್ದು ತಿನ್ನಬೇಕೆಂದು ಟೌನ್ಸೆಂಡ್ ಆಜ್ಞಾಪಿಸಿದನು. ಆಂಗ್ಲ ಸಿಪಾಯಿಗಳು ತಿಂದರು. ಹಿಂದೂ, ಮುಸಲ್ಮಾನ ಸಿಪಾಯಿಗಳಲ್ಲಿ ಬಹಳಷ್ಟು ಜನ ತಿಂಗಳುಗಟ್ಟಲೆ ಮುಟ್ಟಲಿಲ್ಲ. ಟೌನ್ಸೆಂಡ್ ವೈರ್‌ಲೆಸ್ ಮೂಲಕ ಹಿಂದೂಸ್ಥಾನದ ಧರ್ಮಗುರುಗಳಿಂದ ಅನುಮತಿ ತರಿಸಿ ಸಾರಿಸಿದನು. ತಿನ್ನದೆ ಬಲಗುಂದಿದ ನಾಯಕ, ಹವಾಲ್ದಾರರ ಜಾಗಕ್ಕೆ ತಿನ್ನುವವರನ್ನು ತರುವೆನೆಂದು ಬೆದರಿಸಿದನು. ಆದರೂ ಏಪ್ರಿಲ್ ನಡುವಿನವರೆಗೆ ಹಲವರು ಬಗ್ಗಲಿಲ್ಲ. ಆಂಗ್ಲ ಲೇಖಕರು ಇದನ್ನು ಮೂಢನಂಬಿಕೆ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುತ್ತಾರೆ. ಅವರಿಗೆ ಫಿಕ್‌ಹ್‌ನ ಪರಿಚಯವಿರಲಿಲ್ಲ.

ಹಿಜರಿ 7ರಲ್ಲಿ ಖೈಬರಿನ ದಿನ ಪ್ರವಾದಿವರ್ಯರು (ಸ) ಸಾಕು ಕತ್ತೆಯ ಮಾಂಸವನ್ನು ನಿಷೇಧಿಸಿ ಕುದುರೆ ಮಾಂಸಕ್ಕೆ ಅನುಮತಿ ಕೊಟ್ಟರೆಂದು ಜಾಬಿರ್ ಬಿನ್ ಅಬ್ದುಲ್ಲಾ (ರ) ಅವರ ವರದಿ ಬುಖಾರಿಯಲ್ಲಿದೆ. ಪ್ರವಾದಿಯವರ ಕಾಲದಲ್ಲಿ ತಾವು ಕುದುರೆ ಕೊಯ್ದು ತಿಂದುದನ್ನು ಅಸ್ಮಾ ಬಿಂತ್ ಅಬೂಬಕರ್ (ರ) ಹೇಳಿದ್ದಾರೆ. ಇಮಾಮ್ ಶಾಫಿಈ ಅದನ್ನು ಹಲಾಲ್ ಎನ್ನುತ್ತಾರೆ. ಆದರೆ ಇಮಾಮ್ ಅಬೂ ಹನೀಫಾ, ಸೂರಃ ಅನ್ನಹ್ಲ್‌ನಲ್ಲಿ ಕುದುರೆ, ಹೇಸರಗತ್ತೆ, ಕತ್ತೆಗಳನ್ನು ಸವಾರಿಗೂ ಶೋಭೆಗೂ ಎಂದು ಹೇಳಿರುವುದನ್ನು ಆಧರಿಸಿ, ಯುದ್ಧಕ್ಕೆ ಒದಗುವ ಪ್ರಾಣಿ ಕಡಿಮೆಯಾಗಬಾರದೆಂದೂ ಎಣಿಸಿ, ಅದನ್ನು ಮಕ್ರೂಹ್ ಎಂದರು. ಅವರ ಶಿಷ್ಯರಾದ ಇಮಾಮ್ ಅಬೂ ಯೂಸುಫ್ ಮತ್ತು ಇಮಾಮ್ ಮುಹಮ್ಮದ್ ಗುರುವಿನಿಂದ ಭಿನ್ನವಾಗಿ ಅನುಮತಿಸಿದರು. ದಕ್ಕನಿನ ಮುಸಲ್ಮಾನರು ಹನಫಿಗಳು. ಮನೆಯಲ್ಲಿ, ಮಸೀದಿಯಲ್ಲಿ ಕುದುರೆ ಮಾಂಸದ ಹೆಸರೇ ಕೇಳದೆ ಬೆಳೆದವರು ಅನ್ಯಧರ್ಮದ ಸೇನಾಪತಿಯೊಬ್ಬನ ಮಾತಿಗೆ ಅದನ್ನು ಬಾಯಿಗಿಡುವುದು ಹೇಗೆ? ಪ್ರಾಣ ಹೋಗುವ ಹೊತ್ತಿಗೆ ನಿಷಿದ್ಧವೂ ಕ್ಷಮ್ಯವೆಂಬ ರಿಯಾಯತಿಯನ್ನು ಕುರ್‌ಆನ್ ಸ್ಪಷ್ಟವಾಗಿ ಕೊಟ್ಟಿದೆ. ಆದುದರಿಂದ ತಿಂದವರು ತಪ್ಪು ಮಾಡಲಿಲ್ಲ. ತಿನ್ನದೆ ಉಳಿದವರಿಗೆ ತಮ್ಮ ದೇಹದ ಮೇಲೆ ಉಳಿದಿದ್ದ ಅಧಿಕಾರ ಅದೊಂದೇ. ಕೋವಿ ಯಾರತ್ತ ತಿರುಗಬೇಕೆಂಬುದನ್ನು ಇನ್ನೊಬ್ಬರು ನಿಶ್ಚಯಿಸಿದ್ದರು. ಬಾಯೊಳಗೆ ಏನು ಹೋಗಬೇಕೆಂಬುದನ್ನಾದರೂ ಅವರು ತಾವೇ ನಿಶ್ಚಯಿಸಿದರು.

1916ರ ಏಪ್ರಿಲ್ 29ರಂದು ಕೂತು ಶರಣಾಯಿತು. ಅದಕ್ಕೂ ಮೊದಲು ಹತ್ತು ಲಕ್ಷ, ಬಳಿಕ ಇಪ್ಪತ್ತು ಲಕ್ಷ ಪೌಂಡು ಕೊಡುತ್ತೇವೆ, ಬಿಟ್ಟುಬಿಡಿ ಎಂದು ಆಂಗ್ಲರು ತುರ್ಕಿಯರೊಡನೆ ಚೌಕಾಸಿ ನಡೆಸಿದ್ದರು. ಆ ಮಾತುಕತೆಗೆ ಹೋದವರಲ್ಲಿ ಮುಂದೆ ಅರಬಸ್ತಾನದ ಲಾರೆನ್ಸ್ ಎಂದು ಹೆಸರಾದವನೂ ಒಬ್ಬ. ತುರ್ಕಿಯರು ಒಪ್ಪಲಿಲ್ಲ. ಸುಮಾರು 13,000 ಜನ ಸೆರೆಯಾದರು, ಅವರಲ್ಲಿ ಸುಮಾರು ಹತ್ತು ಸಾವಿರ ಹಿಂದೂಸ್ಥಾನದವರು: ಸಿಪಾಯಿಗಳು, ಭಿಸ್ತಿಗಳು, ಅಡುಗೆಯವರು, ಡೋಲಿ ಹೊರುವವರು. 103, 110, 117 ಈ ಮೂರೂ ಮರಾಠಾ ಪಲ್ಟನ್ನುಗಳು ಅಂದು ಕೂತಿನಲ್ಲಿ ಸೆರೆಯಾದವು.

ಟೌನ್ಸೆಂಡನನ್ನು ಇಸ್ತಾಂಬುಲಿನ ಬಳಿಯ ದ್ವೀಪವೊಂದರ ಬಂಗಲೆಗೆ ಕರೆದೊಯ್ದರು. ಯುದ್ಧ ಮುಗಿಯುವವರೆಗೆ ಅವನು ಅಲ್ಲಿ ಸುಖವಾಗಿದ್ದನು. ಸಿಪಾಯಿಗಳು ನಡೆದರು. ಮೇ ತಿಂಗಳ ಬಿಸಿಲಿನಲ್ಲಿ ಬಗ್ದಾದಿಗೆ. ಗೌಸೆ ಆಝಮರ ಊರನ್ನು ಕಾಣುವ ಆಸೆ ಯಾರಿಗಾದರೂ ಇದ್ದಿದ್ದರೆ ಅದು ಹೀಗೆ ನೆರವೇರಿತು: ಹರಿದ ಬಟ್ಟೆಯಲ್ಲಿ, ಖಲೀಫರ ಕೈದಿಗಳಾಗಿ. ಅಲ್ಲಿಂದ ಸಾಮರ್ರಾವರೆಗೆ ರೈಲು, ಮತ್ತೆ ಕಾಲ್ನಡಿಗೆ. ತಿಕ್ರೀತ್, ಮೊಸುಲ್, ನುಸೈಬೀನ್, ರಾಸುಲ್ ಐನ್. ಆ ವರ್ಷದ ರಮಝಾನ್ ಜುಲೈಯಲ್ಲಿ ಬಂದಿತು. ರಾಸುಲ್ ಐನ್‌ನಲ್ಲಿ ಬರ್ಲಿನ್-ಬಗ್ದಾದ್ ರೈಲುಮಾರ್ಗದ ಕೆಲಸಕ್ಕೆ ಅವರನ್ನು ಹಚ್ಚಲಾಯಿತು. ಆ ಚಳಿಗಾಲದಲ್ಲಿ ಟೈಫಸ್ ಜ್ವರ ಬಂದು ಸಾಲುಸಾಲಾಗಿ ಸತ್ತರು. ಸೆರೆಯಾದ ಹಿಂದೂಸ್ಥಾನಿಗಳಲ್ಲಿ 2,500ಕ್ಕೂ ಹೆಚ್ಚು ಜನ ಹಿಂದಿರುಗಲಿಲ್ಲ.

ತುರ್ಕಿಯರು ಮುಸ್ಲಿಂ ಕೈದಿಗಳನ್ನು ಬೇರೆಯಾಗಿ ನೋಡಿಕೊಂಡರು. ಮುಸ್ಲಿಂ ದೇಶೀ ಅಧಿಕಾರಿಗಳನ್ನು ಎಸ್ಕಿಶಹರಿನಲ್ಲಿ ಇರಿಸಿ ಮರ್ಯಾದೆ ಮಾಡಿದರು. ತಮ್ಮ ಕಡೆ ಸೇರುವಂತೆ ಕರೆದರು. ಒಪ್ಪಿದವರೂ ಇದ್ದರು, ಒಪ್ಪದವರೂ ಇದ್ದರು. ಆದರೆ ಸಾಮಾನ್ಯ ಸಿಪಾಯಿಗೆ ಮರುಭೂಮಿಯ ದಾರಿಯಲ್ಲಿ ಕಲಿಮಾ ಬಲ್ಲನೆಂಬ ಕಾರಣಕ್ಕೆ ದೊರೆತ ರಿಯಾಯತಿ ಬಹಳ ದೊಡ್ಡದೇನಲ್ಲ. ಒಂದು ಹೊದಿಕೆ, ಒಂದು ರೊಟ್ಟಿ ಹೆಚ್ಚು ಸಿಕ್ಕಿರಬಹುದು. ಟೈಫಸ್ ಯಾರ ಧರ್ಮವನ್ನೂ ಕೇಳಲಿಲ್ಲ. ಕೂತಿನಲ್ಲಿ ಸೆರೆಸಿಕ್ಕ ಬಂಗಾಳ ಆಂಬುಲೆನ್ಸ್ ಪಡೆಯ ಶಿಶಿರ್ ಸರ್ಬಾಧಿಕಾರಿ ಎಂಬವರು ಬಂಗಾಳಿಯಲ್ಲಿ ಬರೆದ ‘ಅಭಿ ಲೇ ಬಗ್ದಾದ್’ ಎಂಬ ನೆನಪಿನ ಪುಸ್ತಕದಲ್ಲಿ ರಾಸುಲ್ ಐನ್‌ನ ದಿನಗಳಿವೆ. ಅದೇ ದಾರಿಯಲ್ಲಿ ಮರುಭೂಮಿಗೆ ಅಟ್ಟಲ್ಪಟ್ಟ ಅರ್ಮೇನಿಯನ್ನರ ದುರ್ಗತಿಯನ್ನೂ ಅವರು ಕಂಡು ಬರೆದರು. ಖಿಲಾಫತ್ತಿನ ಹೆಸರನ್ನು ಗೌರವದಿಂದ ನೆನೆಯುವ ನಾವು ಈ ಪುಟವನ್ನು ಹರಿದು ಬಿಸಾಡುವಂತಿಲ್ಲ.

ಕೂತಿನಲ್ಲಿ ಸೆರೆಯಾದವರಲ್ಲಿ ಆಸ್ಟ್ರೇಲಿಯಾದ ವಿಮಾನದಳದ ಒಂಬತ್ತು ಜನ ಮೆಕ್ಯಾನಿಕ್‌ಗಳೂ ಇದ್ದರು. ಇಬ್ಬರು ಮಾತ್ರ ಬದುಕಿ ಮರಳಿದರು. ಆ ಒಂಬತ್ತೂ ಜನರ ಹೆಸರು, ಊರು, ಸತ್ತ ಸ್ಥಳ ಇಂದು ಆ ದೇಶದಲ್ಲಿ ಯಾರು ಬೇಕಾದರೂ ಓದಿಕೊಳ್ಳಬಹುದು. ನಮ್ಮವರ ಪಾಡು ಏನೆಂಬುದನ್ನು ಮುಂದೆ ಹೇಳುತ್ತೇವೆ.

ಪಲ್ಟನ್ ಸೆರೆಯಾಯಿತೆಂದು ಸರಕಾರ ಅದರ ಸಂಖ್ಯೆಯನ್ನು ಅಳಿಸಲಿಲ್ಲ. ಹೊಸ ಜನರನ್ನು ಸೇರಿಸಿ 117ನ್ನು ಮತ್ತೆ ಕಟ್ಟಿದರು. 1917ರ ಮಾರ್ಚ್ 11ರಂದು ಬಗ್ದಾದ್ ಬ್ರಿಟಿಷರ ಕೈಸೇರಿತು. 1918ರ ಅಕ್ಟೋಬರ್ ಕೊನೆಯಲ್ಲಿ, ತುರ್ಕಿಯೊಡನೆ ಯುದ್ಧವಿರಾಮ ಆಗುವ ಹೊತ್ತಿನಲ್ಲೇ, ಮೊಸುಲಿನ ಕೆಳಗೆ ಶರ್ಕಾತ್‌ನಲ್ಲಿ 114ನೆಯ ಮರಾಠಾ ಪಲ್ಟನ್ ಒಂದೇ ಕಾದಾಟದಲ್ಲಿ 28 ಪದಕಗಳನ್ನು ಪಡೆಯಿತು. 1921ರಲ್ಲಿ 117ಕ್ಕೆ ರಾಯಲ್ ಎಂಬ ಬಿರುದು ಬಂದಿತು. 1922ರಲ್ಲಿ ಹಳೆಯ ಮರಾಠಾ ಪಲ್ಟನ್ನುಗಳನ್ನೆಲ್ಲ ಕೂಡಿಸಿ 5ನೆಯ ಮರಾಠಾ ಲೈಟ್ ಇನ್‌ಫ್ಯಾಂಟ್ರಿ ಮಾಡಿದರು. 114 ಅದರ ತರಬೇತಿ ಪಲ್ಟನ್ ಆಗಿ ಬೆಳಗಾವಿಯಲ್ಲಿ ನೆಲೆಸಿತು. ಇಂದು ಬೆಳಗಾವಿಯಲ್ಲಿ ನಾವು ಕಾಣುವ ಮರಾಠಾ ರೆಜಿಮೆಂಟಿನ ಕೇಂದ್ರದ ಬೇರು ಅಲ್ಲಿದೆ.

ಬಿರುದು ಬಂದ ಅದೇ 1921ರಲ್ಲಿ ನಮ್ಮ ಜಿಲ್ಲೆಯಲ್ಲೇ ಇನ್ನೊಂದು ಘಟನೆ ನಡೆಯಿತು. ಯುದ್ಧ ಗೆದ್ದ ಬ್ರಿಟಿಷರು ಖಲೀಫರ ರಾಜ್ಯವನ್ನು ತುಂಡುತುಂಡು ಮಾಡಲು ಹೊರಟಾಗ, 1914ರ ಘೋಷಣೆಯನ್ನು ನಂಬಿದ್ದ ಹಿಂದೂಸ್ಥಾನದ ಮುಸಲ್ಮಾನರು ಮೋಸಹೋದೆವೆಂದು ಅರಿತರು. ಖಿಲಾಫತ್ ಚಳವಳಿ ಎದ್ದಿತು. ಗಾಂಧೀಜಿ ಮತ್ತು ಮೌಲಾನಾ ಶೌಕತ್ ಅಲಿ 1920ರ ನವೆಂಬರಿನಲ್ಲಿ ಉತ್ತರ ಕರ್ನಾಟಕದಲ್ಲಿ ಸಂಚರಿಸಿದರು. 1921ರ ಜುಲೈ 1ರಂದು ಧಾರವಾಡದಲ್ಲಿ, ಸೆರೆಯಂಗಡಿಯ ಮುಂದೆ ಪಿಕೆಟಿಂಗ್ ನಡೆದ ಸ್ಥಳದಲ್ಲಿ ಪೊಲೀಸರು ಗುಂಡು ಹಾರಿಸಿದರು. ಮೂವರು ಸತ್ತರು, ಮೂವರೂ ಮುಸಲ್ಮಾನರು. ಜಕಣಿ ಬಾವಿಯ ಬಳಿಯ ಆ ಜಾಗ ಇಂದಿಗೂ ಹುತಾತ್ಮರ ಸ್ಥಳವಾಗಿ ಗೌರವ ಪಡೆಯುತ್ತಿದೆ. ಕೂತಿಗೂ ಜಕಣಿ ಬಾವಿಗೂ ನಡುವೆ ಐದೇ ವರ್ಷ. ಒಂದೇ ಸೀಮೆ, ಒಂದೇ ಜನ. ಒಬ್ಬರು ಖಲೀಫರ ಸೈನ್ಯದ ಮುತ್ತಿಗೆಯಲ್ಲಿ ಬ್ರಿಟಿಷರ ಸಮವಸ್ತ್ರ ತೊಟ್ಟು ಸತ್ತರು, ಇನ್ನೊಬ್ಬರು ಖಲೀಫರ ಪರವಾಗಿ ಎದ್ದ ಚಳವಳಿಯಲ್ಲಿ ಬ್ರಿಟಿಷರ ಗುಂಡಿಗೆ ಸತ್ತರು. ಎರಡನೆಯವರನ್ನು ನಾವು ನೆನೆಯುತ್ತೇವೆ, ನೆನೆಯಲೇಬೇಕು. ಮೊದಲಿನವರ ಬಗ್ಗೆ ಮಾತನಾಡಲು ಹಿಂಜರಿಯುತ್ತೇವೆ. 1924ರ ಮಾರ್ಚ್ 3ರಂದು ತುರ್ಕಿಯರೇ ಖಿಲಾಫತ್ತನ್ನು ರದ್ದುಮಾಡಿದ ನಂತರ ಆ ಹಿಂಜರಿಕೆಗೆ ಅರ್ಥ ಉಳಿದಿದೆಯೇ ಎಂಬುದನ್ನು ಓದುಗರು ಯೋಚಿಸಲಿ. ಬಿರುದಿನ ಹೆಮ್ಮೆಗಾಗಿ ಅವರನ್ನು ವೀರರೆಂದು ಮೆರೆಸುವುದೂ ನಮಗೆ ಒಪ್ಪಿಗೆಯಿಲ್ಲ. ಅವರಿಗಾಗಿ ದುಆ ಮಾಡುವುದಕ್ಕೆ ಈ ಎರಡರಲ್ಲಿ ಯಾವುದೂ ಅಗತ್ಯವಿಲ್ಲ.

ಈಗ ಹೆಸರುಗಳ ವಿಷಯ. ಇರಾಕಿನಲ್ಲಿ ಸತ್ತು, ಗೋರಿ ಸಿಗದವರಿಗಾಗಿ 1929ರಲ್ಲಿ ಬಸ್ರಾದಲ್ಲಿ ಒಂದು ಸ್ಮಾರಕ ಕಟ್ಟಿದರು. ನಲವತ್ತು ಸಾವಿರಕ್ಕೂ ಮಿಕ್ಕಿದ ಜನರ ಸ್ಮಾರಕವದು. ಆಂಗ್ಲ ಸಿಪಾಯಿಗಳ ಹೆಸರುಗಳನ್ನು ಒಂದೊಂದಾಗಿ ಕೆತ್ತಿದರು. ಹಿಂದೂಸ್ಥಾನದ ಪಲ್ಟನ್ನುಗಳಿಗೆ ಬಂದಾಗ ಅಧಿಕಾರಿಗಳ ಹೆಸರು ಮಾತ್ರ ಬರೆದು, ಅದರ ಕೆಳಗೆ ಇನ್ನೂ ಇಷ್ಟು ಸಿಪಾಯಿಗಳು ಎಂದು ಸಂಖ್ಯೆ ಹಾಕಿ ಮುಗಿಸಿದರು. 1997ರಲ್ಲಿ ಸದ್ದಾಮ್ ಹುಸೇನ್ ಸರಕಾರ ಆ ಸ್ಮಾರಕವನ್ನು ಬಿಚ್ಚಿ, ನಾಸಿರಿಯ್ಯಾ ರಸ್ತೆಯ ಮರುಭೂಮಿಗೆ ಸಾಗಿಸಿ ಮತ್ತೆ ನಿಲ್ಲಿಸಿತು. 2021ರಲ್ಲಿ ಕಾಮನ್‌ವೆಲ್ತ್ ಯುದ್ಧಸಮಾಧಿ ಆಯೋಗ ತನ್ನದೇ ವರದಿಯೊಂದರಲ್ಲಿ, ಏಷ್ಯಾ ಮತ್ತು ಆಫ್ರಿಕಾದ ಸತ್ತವರನ್ನು ಸಮಾನವಾಗಿ ನೆನೆಯಲಿಲ್ಲವೆಂದು ಒಪ್ಪಿ ಕ್ಷಮೆ ಕೇಳಿತು. ಹೆಸರುಗಳು ದಫ್ತರಗಳಲ್ಲಿ ಇದ್ದವು, ಕಲ್ಲಿನ ಮೇಲೆ ಮಾತ್ರ ಇರಲಿಲ್ಲ. ಆಯೋಗದ ಅಂತರ್ಜಾಲ ಪಟ್ಟಿಯಲ್ಲಿ ಪಲ್ಟನ್ನಿನ ಸಂಖ್ಯೆ ಹಾಕಿ ಈಗ ಯಾರೂ ಹುಡುಕಬಹುದು. ಆ ಪಟ್ಟಿಯನ್ನು ನೋಡುವವರಿಗೆ ಒಂದು ಎಚ್ಚರಿಕೆ: ನಮ್ಮ ಹೆಸರುಗಳನ್ನು ಅಂದಿನ ಗುಮಾಸ್ತರು ಕಿವಿಗೆ ಬಿದ್ದಂತೆ ಬರೆದಿದ್ದಾರೆ. ಹುಸೇನ ಸಾಬ, ಇಮಾಮ ಸಾಬ ಎಂಬ ಹೆಸರುಗಳನ್ನು ನಾಲ್ಕಾರು ರೀತಿಯ ಅಕ್ಷರಗಳಲ್ಲಿ ಹುಡುಕಬೇಕಾಗುತ್ತದೆ.

ಇನ್ನೊಂದು ದಾರಿಯೂ ಇದೆ. ಅಜ್ಜನ ಟ್ರಂಕಿನಲ್ಲೋ ಅಜ್ಜಿಯ ಬೆಳ್ಳಿ ಸಾಮಾನಿನ ಗಂಟಿನಲ್ಲೋ ರಾಜನ ತಲೆಯ ಚಿತ್ರವಿರುವ, ಮಗ್ಗುಲಲ್ಲಿ 1914-1918 ಎಂದಿರುವ ದೊಡ್ಡ ಪದಕ ಇದ್ದರೆ, ಬೆಳ್ಳಿಯ ತೂಕಕ್ಕೆ ಅದನ್ನು ಮಾರುವ ಮೊದಲು ಅದರ ಅಂಚನ್ನು ಬೆಳಕಿಗೆ ಹಿಡಿದು ನೋಡಬೇಕು. ಆ ಅಂಚಿನ ಮೇಲೆ ಸಣ್ಣ ಅಕ್ಷರಗಳಲ್ಲಿ ಸಿಪಾಯಿಯ ನಂಬರು, ಹುದ್ದೆ, ಹೆಸರು, ಪಲ್ಟನ್ನಿನ ಸಂಖ್ಯೆ ಒತ್ತಿರುತ್ತದೆ. ಸಿಪಾಯಿಗಳಿಗೆ ಬೆಳ್ಳಿಯದು, ಭಿಸ್ತಿ, ಅಡುಗೆಯವ, ಡೋಲಿಯವರಂತಹ ಕೆಲಸಗಾರರಿಗೆ ಕಂಚಿನದು. ಕಂಚಿನದಕ್ಕೆ ಬೆಲೆ ಬಾರದೆಂದು ಬಿಸಾಡಬಾರದು. ಅದರ ಅಂಚಿನಲ್ಲಿಯೂ ಹೆಸರಿರುತ್ತದೆ.